ಎತ್ತರದ ಪಾಲು ಎಷ್ಟು? ಚಿಕ್ಕಬಳ್ಳಾಪುರದ ಒಂದು ಕಾರಿನ ಬೂಸ್ಟ್ ಗೇಜ್ ಪ್ರಕರಣ

ಹಿನ್ನೆಲೆ

ಈ ಪ್ರಕರಣದ ಕಾರು ಚಿಕ್ಕಬಳ್ಳಾಪುರದ ಆಸುಪಾಸಿನಲ್ಲಿ ದ್ರಾಕ್ಷಿ ತೋಟ ಮಾಡಿಕೊಂಡಿರುವ ಒಬ್ಬ ಬೆಳೆಗಾರರದು. ಅವರ ಹೆಸರು, ಹಳ್ಳಿ, ಕಾರಿನ ಮತ್ತು ಗೇಜಿನ ತಯಾರಕರು, ನಡುವೆ ಕೈಹಾಕಿದ ಅಂಗಡಿಗಳು ಯಾವುದನ್ನೂ ಇಲ್ಲಿ ಹೇಳಿಲ್ಲ. ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ. ನಾನು ಕೈಗಾರಿಕಾ ತರಬೇತಿ ಸಂಸ್ಥೆಯೊಂದರಲ್ಲಿ ಮೋಟಾರು ವಾಹನದ ಪಾಠ ಮಾಡಿದವನು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನಡೆಸುವ ಗ್ಯಾರೇಜಿಗೆ, ಬಗೆಹರಿಯದ ಕೆಲಸವೇನಾದರೂ ಬಂದಾಗ, ಈಗಲೂ ಹೋಗಿ ಕೂರುತ್ತೇನೆ.

ಕಾರು ಸುಮಾರು ಹತ್ತು ವರ್ಷ ಹಳೆಯ ಸಣ್ಣ ಡೀಸೆಲ್ ಕಾರು. ಬೆಳೆಗಾರರು ಅದನ್ನು ಮಂಗಳೂರಿನ ಕಡೆಯಿಂದ ಸೆಕೆಂಡ್‌ಹ್ಯಾಂಡ್ ಆಗಿ ಕೊಂಡಿದ್ದರು. ಹಿಂದಿನ ಮಾಲೀಕರಿಗೆ ವಾಹನದ ವಿಷಯದಲ್ಲಿ ಆಸಕ್ತಿ ಹೆಚ್ಚು; ಡ್ಯಾಶ್‌ಬೋರ್ಡಿನ ಮೇಲೆ ಒಂದು ಎಲೆಕ್ಟ್ರಾನಿಕ್ ಬೂಸ್ಟ್ ಗೇಜ್ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ, ಹೊರಗಿನ ಗಾಳಿಯ ಮೇಲೆ ಎಷ್ಟು ಒತ್ತಡ ಸೇರಿಸುತ್ತಿದೆ ಎಂದು ತೋರಿಸುವ ಗೇಜ್) ಕೂರಿಸಿ, ಅದರ ಸೆನ್ಸರಿನ ಹೋಸನ್ನು ಇನ್‌ಟೇಕ್ ಮ್ಯಾನಿಫೋಲ್ಡಿಗೆ, ಅಂದರೆ ಎಂಜಿನ್ನಿನೊಳಗೆ ಗಾಳಿ ಹಂಚುವ ಕೊಳವೆಗೆ, ಜೋಡಿಸಿದ್ದರು. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಗೇಜು 1.00 ಬಾರ್ (ಒತ್ತಡದ ಅಳತೆ, ಒಂದು ಬಾರ್ ಎಂದರೆ ಸಾವಿರ ಮಿಲಿಬಾರ್) ತೋರಿಸುತ್ತದೆ, ಅದಕ್ಕಿಂತ ಕಡಿಮೆಯಾದರೆ ಏನೋ ತೊಂದರೆ ಇದೆ ಎಂದು ತಿಳಿಯಿರಿ ಎಂದು ಕಾರು ಒಪ್ಪಿಸುವಾಗ ಹೇಳಿಕಳಿಸಿದ್ದರು. ಚಿಕ್ಕಬಳ್ಳಾಪುರಕ್ಕೆ ಬಂದ ಮೇಲೆ ಅದೇ ಗೇಜು, ಎಷ್ಟು ಒತ್ತಿದರೂ, 0.75 ಬಾರ್ ದಾಟಲಿಲ್ಲ.

ಈ ಕಾರಿನ ಟರ್ಬೊ ಹಳೆಯ, ಸರಳ ಬಗೆಯದು ಎಂಬುದನ್ನು ಮೊದಲೇ ಹೇಳಬೇಕು, ಏಕೆಂದರೆ ಮುಂದಿನ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ. ಇದರ ವೇಸ್ಟ್‌ಗೇಟನ್ನು, ಅಂದರೆ ಹೆಚ್ಚಾದ ಹೊಗೆಯನ್ನು ಟರ್ಬೊದ ಚಕ್ರಕ್ಕೆ ತಾಗಿಸದೆ ಹೊರಬಿಟ್ಟು ಒತ್ತಡ ಮಿತಿ ಮೀರದಂತೆ ತಡೆಯುವ ಬಾಗಿಲನ್ನು, ತೆರೆಯುವುದು ಒಂದು ಸ್ಪ್ರಿಂಗ್ ಡಬ್ಬಿ. ಡಬ್ಬಿಯೊಳಗಿನ ಪದರದ ಒಂದು ಬದಿಗೆ ಕಂಪ್ರೆಸರಿನ (ಟರ್ಬೊದಲ್ಲಿ ಗಾಳಿಯನ್ನು ಒತ್ತುವ ಭಾಗದ) ಬಾಯಿಂದ ಬರುವ ಒತ್ತಡ, ಇನ್ನೊಂದು ಬದಿಗೆ ಸ್ಪ್ರಿಂಗು ಮತ್ತು ಹೊರಗಿನ ಗಾಳಿ. ಹೊರಗಿನ ಗಾಳಿಗಿಂತ ಒಳಗಿನ ಒತ್ತಡ ಇಷ್ಟು ಹೆಚ್ಚಾಯಿತು ಎಂದಾಗ ಪದರ ಸರಿದು, ಕಡ್ಡಿ ತಳ್ಳಿ, ವೇಸ್ಟ್‌ಗೇಟ್ ತೆರೆದುಕೊಳ್ಳುತ್ತದೆ. ಹಾಗಾಗಿ ಕಾರು ಮಂಗಳೂರಿನಲ್ಲಿರಲಿ, ಚಿಕ್ಕಬಳ್ಳಾಪುರದಲ್ಲಿರಲಿ, ಆಯಾ ಊರಿನ ಗಾಳಿಯ ಮೇಲೆ ಟರ್ಬೊ ಸೇರಿಸುವ ಒತ್ತಡ ಸರಿಸುಮಾರು ಒಂದೇ ಆಗಿರುತ್ತದೆ. ಕಂಪ್ಯೂಟರು ಒಟ್ಟು ಒತ್ತಡವನ್ನು ಗುರಿಯಾಗಿಟ್ಟು ನಿಯಂತ್ರಿಸುವ ಹೊಸ ಕಾರುಗಳಿಗೆ ಈ ಮಾತು ಹೀಗೇ ಹೊಂದುವುದಿಲ್ಲ.

ಮೊದಲ ಎರಡು ಸಲಹೆಗಳು

ನಮ್ಮಲ್ಲಿಗೆ ಬರುವ ಮೊದಲು ಮಾಲೀಕರು ಎರಡು ಕಡೆ ತೋರಿಸಿದ್ದರು. ಗೇಜು ಕೂರಿಸುವ ಅಂಗಡಿಯವರು ಸರಿಯಾದ ಜಾಗದಲ್ಲೇ ಕೈಯಿಟ್ಟಿದ್ದರು. ಗೇಜಿನ ಸೆಟ್ಟಿಂಗಿನಲ್ಲಿ ಸ್ಥಳೀಯ ವಾತಾವರಣದ ಒತ್ತಡವನ್ನು ನಮೂದಿಸುವ ಒಂದು ಜಾಗವಿತ್ತು. ಮಂಗಳೂರಿನಲ್ಲಿ ಅದನ್ನು 1013 ಮಿಲಿಬಾರ್ ಎಂದು ಇಟ್ಟಿದ್ದರು. ಅಂಗಡಿಯವರು ಮೊಬೈಲಿನ ಹವಾಮಾನ ಆ್ಯಪ್ ತೆರೆದು, ಚಿಕ್ಕಬಳ್ಳಾಪುರ ಎಂದು ಹುಡುಕಿ, ಅದರಲ್ಲಿ ಕಂಡ 1012 ಎಂಬ ಅಂಕಿಯನ್ನು ಹಾಕಿದರು. ಗೇಜಿನಲ್ಲಿ ಏನೂ ಬದಲಾಗಲಿಲ್ಲ. ಗೇಜು ಸರಿಯಿದೆ, ಟರ್ಬೊ ಸೋತಿದೆ ಎಂದು ತೀರ್ಮಾನಿಸಿದರು.

ಎರಡನೆಯವರು ಟರ್ಬೊ ಬದಲಾಯಿಸುವ ಖರ್ಚು ಉಳಿಸಿಕೊಡುತ್ತೇನೆ ಎಂದು, ವೇಸ್ಟ್‌ಗೇಟಿನ ಕಡ್ಡಿಯನ್ನು ಕೆಲವು ಸುತ್ತು ಬಿಗಿ ಮಾಡಿ ಗೇಜಿನಲ್ಲಿ 1.00 ಬರುವ ಹಾಗೆ ಮಾಡಬಹುದು ಎಂದರು. ಮಾಲೀಕರು ಅದಕ್ಕೆ ತಕ್ಷಣ ಒಪ್ಪದೆ ನಮ್ಮ ಗ್ಯಾರೇಜಿಗೆ ಬಂದರು. "ಮೇಷ್ಟ್ರೇ, ಒಬ್ರು ಟರ್ಬೊ ಹೋಗಿದೆ ಅಂತಾರೆ, ಇನ್ನೊಬ್ರು ಬಿಗಿ ಮಾಡಿದ್ರೆ ಸಾಕು ಅಂತಾರೆ. ನೀವೊಂದ್ಸಲ ನೋಡ್ಬಿಡಿ, ಆಮೇಲೆ ದುಡ್ಡು ಹಾಕ್ತೀನಿ" ಎಂದರು. ಇಡೀ ಪ್ರಕರಣದಲ್ಲಿ ಅತ್ಯಂತ ವಿವೇಕದ ನಿರ್ಧಾರ ಅದೇ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಕೀ ತಿರುಗಿಸಿದಾಗ ಕಂಡ ಅಂಕಿ

ಎಂಜಿನ್ ಶುರು ಮಾಡದೆ ಕೀಯನ್ನು ಮಾತ್ರ ತಿರುಗಿಸಲು ನನ್ನ ವಿದ್ಯಾರ್ಥಿಗೆ ಹೇಳಿದೆ. ಗೇಜು −0.10 ತೋರಿಸಿತು. ಇದನ್ನು ಮಾಲೀಕರು ಎಷ್ಟೋ ಸಲ ನೋಡಿದ್ದರು. ಅದು ವ್ಯಾಕ್ಯೂಮ್, ಹಾಗೆ ಬರುತ್ತದೆ ಎಂದು ಯಾರೋ ಹೇಳಿದ್ದರಂತೆ. ಪೆಟ್ರೋಲ್ ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಮ್ಯಾನಿಫೋಲ್ಡಿನಲ್ಲಿ ನಿರ್ವಾತ ಇರುವುದು ನಿಜ. ಆದರೆ ನಿಂತಿರುವ ಎಂಜಿನ್ ಗಾಳಿಯನ್ನು ಎಳೆಯುವುದಿಲ್ಲ. ಅದರ ಮ್ಯಾನಿಫೋಲ್ಡಿನಲ್ಲಿರುವುದು ಗ್ಯಾರೇಜಿನಲ್ಲಿ ನಾವು ಉಸಿರಾಡುತ್ತಿರುವ ಅದೇ ಗಾಳಿ, ಅದೇ ಒತ್ತಡದಲ್ಲಿ. ಗೇಜು ಆಗ ಸೊನ್ನೆ ತೋರಿಸಬೇಕಿತ್ತು.

ಇಂಥ ಗೇಜಿನ ಸೆನ್ಸರು ಅಳೆಯುವುದು ಸಂಪೂರ್ಣ ಒತ್ತಡವನ್ನು, ಅಂದರೆ ಪೂರ್ಣ ನಿರ್ವಾತವನ್ನು ಸೊನ್ನೆ ಎಂದಿಟ್ಟುಕೊಂಡ ಒತ್ತಡವನ್ನು. ಅದರಿಂದ ವಾತಾವರಣದ ಪಾಲನ್ನು ಕಳೆದು ಉಳಿದದ್ದನ್ನು ಪರದೆಯಲ್ಲಿ ಬೂಸ್ಟ್ ಎಂದು ತೋರಿಸುತ್ತದೆ. ಕಳೆಯುವ ಅಂಕಿ ಸಮುದ್ರಮಟ್ಟದ್ದಾಗಿದ್ದರೆ, ಘಟ್ಟ ಹತ್ತಿ ಬಂದ ಮೇಲೆಯೂ ಅದು ಸಮುದ್ರಮಟ್ಟದ ಲೆಕ್ಕವನ್ನೇ ಹೇಳುತ್ತಿರುತ್ತದೆ. ಹಳೆಯ ಮುಳ್ಳಿನ ಗೇಜುಗಳಲ್ಲಿ ಈ ತೊಡಕು ಇರಲಿಲ್ಲ. ಫ್ರಾನ್ಸಿನ ಬೂರ್ಡಾನ್ 1849ರಲ್ಲಿ ಪೇಟೆಂಟ್ ಪಡೆದ ಬಾಗಿದ ಕೊಳವೆಯ ಸುತ್ತ ಆಯಾ ಊರಿನ ಗಾಳಿಯೇ ಇರುವುದರಿಂದ, ಆ ಕೊಳವೆ ತಾನಾಗಿಯೇ ಸ್ಥಳೀಯ ಗಾಳಿಗೆ ಹೋಲಿಸಿ ಬಾಗುತ್ತದೆ.

ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ. ಆ ಎತ್ತರದಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಹತ್ತರಲ್ಲಿ ಒಂದು ಪಾಲು ಕಡಿಮೆ. ನನ್ನ ಮೊಬೈಲಿನಲ್ಲಿ ವಾಯುಭಾರ ಅಳೆಯುವ ಸೆನ್ಸರ್ ಇದೆ. ಅದು ಆ ದಿನ 912 ಮಿಲಿಬಾರ್ ತೋರಿಸಿತು. ಒಂದೇ ಸಾಕ್ಷಿಯನ್ನು ನಂಬಬಾರದೆಂದು ಸ್ಕ್ಯಾನರ್ ಹಾಕಿ ಕಾರಿನದೇ ಮ್ಯಾನಿಫೋಲ್ಡ್ ಸೆನ್ಸರನ್ನು ಓದಿದೆವು. ಅದು 91 ಕಿಲೋಪಾಸ್ಕಲ್, ಅಂದರೆ 910 ಮಿಲಿಬಾರ್ ಎಂದಿತು. ಪೂರ್ಣಾಂಕಗಳಲ್ಲಷ್ಟೇ ಹೇಳುವ ಸ್ಕ್ಯಾನರಿಗೆ ಇದಕ್ಕಿಂತ ಹತ್ತಿರ ಬರಲು ಆಗುತ್ತಿರಲಿಲ್ಲ.

ಹಾಗಾದರೆ ಹವಾಮಾನ ಆ್ಯಪ್ 1012 ಎಂದದ್ದು ಸುಳ್ಳೇ? ಸುಳ್ಳಲ್ಲ. ಹವಾಮಾನದವರು ಬೇರೆ ಬೇರೆ ಎತ್ತರದ ಊರುಗಳ ಒತ್ತಡವನ್ನು ಒಂದೇ ನಕ್ಷೆಯಲ್ಲಿ ಹೋಲಿಸಬೇಕಾಗುತ್ತದೆ. ಇದ್ದಂತೆ ಬರೆದರೆ ಬೆಟ್ಟದ ಊರುಗಳೆಲ್ಲ ಸದಾ ವಾಯುಭಾರ ಕುಸಿತದಲ್ಲಿರುವಂತೆ ಕಂಡು, ನಿಜವಾದ ಕುಸಿತ ಎಲ್ಲಿದೆಯೆಂದು ತಿಳಿಯದೆ ಹೋಗುತ್ತದೆ. ಆದ್ದರಿಂದ ಪ್ರತಿ ಊರಿನ ಅಂಕಿಯನ್ನೂ, ಆ ಊರು ಸಮುದ್ರಮಟ್ಟದಲ್ಲಿದ್ದಿದ್ದರೆ ಎಷ್ಟಿರುತ್ತಿತ್ತು ಎಂದು ತಿದ್ದಿ ಪ್ರಕಟಿಸುತ್ತಾರೆ. ಮಳೆಯ ಮುನ್ಸೂಚನೆಗೆ ಬೇಕಾದದ್ದು ಆ ಅಂಕಿ. ಎಂಜಿನ್ ಉಸಿರಾಡುವುದು ತಿದ್ದದ ಗಾಳಿಯನ್ನು. ಬೂಸ್ಟ್ ಗೇಜ್ ಹೊಂದಿಸುವವರು ಈ ಒಂದು ವ್ಯತ್ಯಾಸವನ್ನು ಬರೆದಿಟ್ಟುಕೊಳ್ಳಬೇಕೆಂದು ನಾನು ಆಗ್ರಹಪಡಿಸಿ ಹೇಳುತ್ತೇನೆ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನಂಥ ಎತ್ತರದ ಊರುಗಳಲ್ಲಿ ಇದೇ ಕಾರಣದಿಂದ ಸುಮಾರು 0.10 ಬಾರ್, ಪಿಎಸ್‌ಐ ಲೆಕ್ಕದಲ್ಲಿ ಒಂದೂವರೆಯಷ್ಟು, ತಪ್ಪು ಬರುತ್ತದೆ.

ಗೇಜು ಸೊನ್ನೆಯಲ್ಲಿ ಮಾತ್ರ ತಪ್ಪಿದೆಯೋ, ಮೇಲಿನ ಅಂಕಿಗಳಲ್ಲೂ ತಪ್ಪಿದೆಯೋ ಎಂಬುದು ಬೇರೆ ಪ್ರಶ್ನೆ. ಸೊನ್ನೆ ಸರಿಯಾದ ಮಾತ್ರಕ್ಕೆ ಅಳತೆಗೋಲಿನ ಉದ್ದಕ್ಕೂ ಸರಿಯಿದೆ ಎಂದಾಗುವುದಿಲ್ಲ. ಇದಕ್ಕೆ ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪನ್ನು ತಂದೆವು. ಗ್ಯಾರೇಜಿನ ಪಕ್ಕದ ಮನೆಯ ತಾರಸಿಯಿಂದ ನೀರು ತುಂಬಿದ ಪೈಪನ್ನು ಇಳಿಬಿಟ್ಟು, ಅದರ ಕೆಳತುದಿಯನ್ನು ಅರ್ಧ ಗಾಳಿಯಿರುವ ಒಂದು ಗಟ್ಟಿ ಬಾಟಲಿಗೆ ಸೇರಿಸಿ, ಬಾಟಲಿಯ ಮೇಲ್ಭಾಗದ ಗಾಳಿಗೆ ಸೆನ್ಸರಿನ ಹೋಸನ್ನು ಕೊಟ್ಟೆವು. ಸೆನ್ಸರಿಗೆ ನೀರು ತಾಗಬಾರದು. ಬಾಟಲಿಯೊಳಗಿನ ನೀರಿನ ಮಟ್ಟದಿಂದ ಪೈಪಿನೊಳಗಿನ ನೀರಿನ ಮಟ್ಟದವರೆಗೆ 5.10 ಮೀಟರ್ ಎತ್ತರವಾದಾಗ ಒತ್ತಡ ಅರ್ಧ ಬಾರ್ ಇರಲೇಬೇಕು. ಆ ಲೆಕ್ಕಕ್ಕೆ ಯಾವ ಕಂಪನಿಯ ಪ್ರಮಾಣಪತ್ರವೂ ಬೇಡ. ಗೇಜು ಆಗ 0.40 ತೋರಿಸಿತು. ಸೊನ್ನೆಯಲ್ಲಿ 0.10 ಕಡಿಮೆ, ಅರ್ಧ ಬಾರಿನಲ್ಲೂ ಅದೇ 0.10 ಕಡಿಮೆ. ಕಾಲು ಪಂಪಿನಿಂದ ಒಂದು ಬಾರ್ ಕೊಟ್ಟು ಮುಳ್ಳಿನ ಗೇಜಿನೊಡನೆ ಹೋಲಿಸಿದಾಗಲೂ ವ್ಯತ್ಯಾಸ ಅಷ್ಟೇ. ಸೆನ್ಸರು ಚೆನ್ನಾಗಿದೆ, ಎಣಿಕೆ ಶುರುವಾಗುವ ಜಾಗ ಮಾತ್ರ ತಪ್ಪಿದೆ ಎಂದು ಖಚಿತವಾಯಿತು.

ಸೆಟ್ಟಿಂಗಿನಲ್ಲಿ 912 ಹಾಕಿದೆವು. ಕೀ ತಿರುಗಿಸಿದಾಗ 0.00 ಬಂತು. ರಸ್ತೆಯ ಮೇಲೆ ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿದಾಗ 0.85 ಬಂತು.

ನಾನು ಮಾಡಿದ ತಪ್ಪು

ಇಲ್ಲಿ ನಾನು ತಪ್ಪಿದೆ. ಮಂಗಳೂರಿನ 1.00ಕ್ಕೂ ಈ 0.85ಕ್ಕೂ ಉಳಿದ ವ್ಯತ್ಯಾಸ ಎತ್ತರದ್ದು, ಇಲ್ಲಿ ಗಾಳಿ ತೆಳು, ಟರ್ಬೊ ಇಷ್ಟೇ ಕೊಡುವುದು ಎಂದು ಮಾಲೀಕರಿಗೆ ಹೇಳಿ ಕಳುಹಿಸಿಕೊಟ್ಟೆ. ಆ ಮಾತು ಕೇಳಲು ಸರಿಯೆನಿಸುತ್ತದೆ. ಅವರೂ ಸಮಾಧಾನದಿಂದ ಹೋದರು.

ಒಂದು ವಾರ ಕಳೆದು ಅವರು ಎರಡು ದೂರುಗಳೊಡನೆ ಮರಳಿದರು. ಮನೆಯವರನ್ನು ಕರೆದುಕೊಂಡು ನಂದಿಬೆಟ್ಟಕ್ಕೆ ಹೋಗಿದ್ದರಂತೆ. ಏರಿನ ತಿರುವುಗಳಲ್ಲಿ ಕಾರು ಎಳೆಯಲಿಲ್ಲ, ಹಿಂದೆ ಬೈಕಿನಲ್ಲಿ ಬರುತ್ತಿದ್ದ ಮಗನಿಗೆ ಕಪ್ಪು ಹೊಗೆ ಕಂಡಿತು. ಮೇಲೆ ಹೋಗಿ ನಿಲ್ಲಿಸಿ, ಹೊರಡುವಾಗ ಕೀ ತಿರುಗಿಸಿದರೆ ಗೇಜು ಸೊನ್ನೆಯ ಬದಲು −0.06 ತೋರಿಸಿತು. "ನೀವು ಸರಿ ಮಾಡಿದ್ದು ಒಂದೇ ವಾರಕ್ಕೆ ಕೆಟ್ಹೋಯ್ತಲ್ಲ ಮೇಷ್ಟ್ರೇ" ಎಂದರು.

ಎರಡನೆಯ ದೂರಿಗೆ ಉತ್ತರ ಸುಲಭವಾಗಿತ್ತು. ನಂದಿಬೆಟ್ಟದ ತುದಿ 1478 ಮೀಟರ್. ಚಿಕ್ಕಬಳ್ಳಾಪುರಕ್ಕಿಂತ ಅಲ್ಲಿ ಗಾಳಿಯ ಒತ್ತಡ ಇನ್ನೂ 55-60 ಮಿಲಿಬಾರ್ ಕಡಿಮೆ. ಗೇಜು ಕೆಟ್ಟಿರಲಿಲ್ಲ, ಚಿಕ್ಕಬಳ್ಳಾಪುರದ ಸೊನ್ನೆಯಿಂದ ನಂದಿಬೆಟ್ಟದ ಗಾಳಿಯನ್ನು ಅಳೆದು ನಿಜವನ್ನೇ ಹೇಳಿತ್ತು. ಆದರೆ ಆ ಉತ್ತರವನ್ನು ಅವರಿಗೆ ಬಿಡಿಸಿ ಹೇಳುತ್ತಿರುವಾಗಲೇ ನನಗೆ ನನ್ನ ತಪ್ಪು ಕಂಡಿತು. ಎತ್ತರಕ್ಕೆ ಸಲ್ಲಬೇಕಾದ 0.10 ಬಾರನ್ನು ನಾನು ಗೇಜಿನ ಸೊನ್ನೆ ತಿದ್ದಿದಾಗಲೇ ಸಲ್ಲಿಸಿಬಿಟ್ಟಿದ್ದೆ. ಉಳಿದ 0.15ನ್ನೂ ಎತ್ತರದ ಹೆಸರಿಗೇ ಬರೆದರೆ ಒಂದೇ ಸಾಲವನ್ನು ಎರಡು ಸಲ ವಸೂಲಿ ಮಾಡಿದಂತಾಗುತ್ತದೆ. ವೇಸ್ಟ್‌ಗೇಟಿನ ಡಬ್ಬಿ ಸ್ಥಳೀಯ ಗಾಳಿಗೆ ಹೋಲಿಸಿಯೇ ತೆರೆಯುವುದರಿಂದ, ತಿದ್ದಿದ ಗೇಜು ಚಿಕ್ಕಬಳ್ಳಾಪುರದಲ್ಲೂ 1.00ರ ಹತ್ತಿರ ತೋರಿಸಬೇಕಿತ್ತು.

ಹಾಗೆಂದು ಎತ್ತರದಿಂದ ಎಂಜಿನ್ನಿಗೆ ನಷ್ಟವೇ ಇಲ್ಲವೆಂದಲ್ಲ. ಕರಾವಳಿಯಲ್ಲಿ ಮ್ಯಾನಿಫೋಲ್ಡಿನ ಒಟ್ಟು ಒತ್ತಡ 2.01 ಬಾರ್ ಇದ್ದದ್ದು ಇಲ್ಲಿ, ಎಲ್ಲ ಸರಿಯಿದ್ದಾಗಲೂ, 1.91 ಆಗುತ್ತದೆ. ನೂರಕ್ಕೆ ಐದರಷ್ಟು ಗಾಳಿ ಕಡಿಮೆ. ಟರ್ಬೊ ಇಲ್ಲದ ಎಂಜಿನ್ನಿಗೆ ಇದೇ ನಷ್ಟ ನೂರಕ್ಕೆ ಹತ್ತು. ಐದರಷ್ಟು ಕೊರತೆ ಗಮನಿಸುವ ಚಾಲಕನಿಗೆ ಗೊತ್ತಾಗಬಹುದು, ಆದರೆ ಅದು ಏರಿನಲ್ಲಿ ಕಪ್ಪು ಹೊಗೆ ಬರಿಸುವಷ್ಟು ದೊಡ್ಡದಲ್ಲ.

ಉಳಿದ 0.15 ಎಲ್ಲಿ ಹೋಯಿತು

ಮೊದಲು ಸೋರಿಕೆ ಇರಬಹುದೆಂದು ನೋಡಿದೆವು. ಹೋಸುಗಳಿಗೆಲ್ಲ ಸೋಪಿನ ನೀರು ಹಚ್ಚಿ, ಒಳಗೆ ಒತ್ತಡ ಕೊಟ್ಟು ಕಾದರೂ ಎಲ್ಲಿಯೂ ಗುಳ್ಳೆ ಏಳಲಿಲ್ಲ. ಕ್ಲಾಂಪುಗಳು ಬಿಗಿಯಾಗಿದ್ದವು. ಏರ್ ಫಿಲ್ಟರ್ ಹೊಸದು.

ಆಗ ನನ್ನ ವಿದ್ಯಾರ್ಥಿ ಕೇಳಿದ ಪ್ರಶ್ನೆ ಪ್ರಕರಣವನ್ನು ತಿರುಗಿಸಿತು. ವೇಸ್ಟ್‌ಗೇಟಿನ ಡಬ್ಬಿಗೆ ಒತ್ತಡ ಹೋಗುವುದು ಕಂಪ್ರೆಸರಿನ ಬಾಯಿಂದ. ಗೇಜಿಗೆ ಹೋಗುವುದು ಮ್ಯಾನಿಫೋಲ್ಡಿನಿಂದ. ಇಬ್ಬರೂ ಒಂದೇ ಅಂಕಿ ನೋಡುತ್ತಿದ್ದಾರೆ ಎಂದು ನಾವು ಯಾಕೆ ಅಂದುಕೊಂಡಿದ್ದೇವೆ ಎಂದು ಅವನು ಕೇಳಿದ. ಡಬ್ಬಿಯ ಹೋಸಿಗೆ ಒಂದು ಟೀ (ಮೂರು ಬಾಯಿಯ ಜೋಡುಕೊಳವೆ) ಜೋಡಿಸಿ ಮುಳ್ಳಿನ ಗೇಜನ್ನು ಅಲ್ಲಿ ಕೊಟ್ಟು, ಅದೇ ರಸ್ತೆಯಲ್ಲಿ ಅದೇ ಗೇರಿನಲ್ಲಿ ಓಡಿಸಿದೆವು. ಅವನು ಓಡಿಸಿದ, ನಾನು ಪಕ್ಕದಲ್ಲಿ ಕೂತು ಎರಡು ಗೇಜುಗಳನ್ನೂ ಓದಿದೆ. ಕಂಪ್ರೆಸರಿನ ಬಾಯಲ್ಲಿ 1.05, ಮ್ಯಾನಿಫೋಲ್ಡಿನಲ್ಲಿ 0.85. ಟರ್ಬೊ ತನ್ನ ಕೆಲಸವನ್ನು ಪೂರ್ತಿ ಮಾಡುತ್ತಿತ್ತು. ದಾರಿಯಲ್ಲಿ 0.20 ಬಾರ್ ಕಳೆದುಹೋಗುತ್ತಿತ್ತು.

ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ದಾಟುವಾಗ ಒತ್ತಡ ಸ್ವಲ್ಪ ಕಳೆಯುವುದು ಸಹಜ, ಆದರೆ ಇಷ್ಟಲ್ಲ. ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಹೋಸನ್ನು ಬಿಚ್ಚಿ ಟಾರ್ಚ್ ಬಿಟ್ಟು ನೋಡಿದೆವು. ಹೊರಗಿನಿಂದ ಹೊಸದರಂತೆ ಗಟ್ಟಿಯಾಗಿದ್ದ ಆ ಹೋಸಿನ ಒಳಪದರ, ವರ್ಷಗಟ್ಟಲೆ ಎಣ್ಣೆಯ ಪಸೆಯಲ್ಲಿ ನೆನೆದು ಉಬ್ಬಿ, ಒಂದು ಬದಿಯಲ್ಲಿ ಎದ್ದು ನಿಂತಿತ್ತು. ಗಾಳಿ ರಭಸವಾಗಿ ಹರಿಯುವಾಗ ಅದು ನಾಲಿಗೆಯಂತೆ ದಾರಿಗೆ ಅಡ್ಡ ಬೀಳುತ್ತಿತ್ತು. ಹೊರಗೆ ಗಾಳಿ ಸೋರದಿದ್ದುದರಿಂದ ಸೋಪಿನ ನೀರಿಗೆ ಇದು ಸಿಗುವಂತಿರಲಿಲ್ಲ.

ಹೋಸ್ ಬದಲಾಯಿಸಿದ ಮೇಲೆ ಕಂಪ್ರೆಸರಿನ ಬಾಯಲ್ಲಿ 1.05, ಮ್ಯಾನಿಫೋಲ್ಡಿನಲ್ಲಿ 1.00 ಬಂತು. ಸ್ಕ್ಯಾನರ್ 191 ಕಿಲೋಪಾಸ್ಕಲ್ ತೋರಿಸಿತು. 912 ಮಿಲಿಬಾರಿಗೆ ಒಂದು ಬಾರ್ ಕೂಡಿಸಿದರೆ ಬರುವುದೂ ಅದೇ.

ಕಡ್ಡಿ ಬಿಗಿ ಮಾಡಿದ್ದರೆ

ಎರಡನೆಯ ಸಲಹೆಯನ್ನು ಒಪ್ಪಿದ್ದರೆ ಏನಾಗುತ್ತಿತ್ತು ಎಂಬುದನ್ನು ಮಾಲೀಕರ ಎದುರಿಗೇ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಟರ್ಬೊ ಪಡುವ ಶ್ರಮವನ್ನು ಬೂಸ್ಟ್ ಅಂಕಿಯಿಂದ ಅಳೆಯಬಾರದು. ಹೊರಬರುವ ಒಟ್ಟು ಒತ್ತಡವನ್ನು ಒಳಹೋಗುವ ಒಟ್ಟು ಒತ್ತಡದಿಂದ ಭಾಗಿಸಿ ನೋಡಬೇಕು. ಮಂಗಳೂರಿನಲ್ಲಿ ಆ ಅನುಪಾತ 2.04 ಇತ್ತು. ಇಲ್ಲಿ ಎಲ್ಲ ಸರಿಯಿರುವಾಗಲೇ, ಗಾಳಿ ತೆಳುವಾದ ಕಾರಣ, 2.15 ಆಗುತ್ತದೆ. ತಿದ್ದದ ಗೇಜಿನಲ್ಲಿ 1.00 ಕಾಣಬೇಕೆಂದು ಕಡ್ಡಿ ಬಿಗಿ ಮಾಡಿದ್ದರೆ, ಮ್ಯಾನಿಫೋಲ್ಡಿನಲ್ಲಿ ನಿಜಕ್ಕೂ 1.10 ಬೇಕಾಗುತ್ತಿತ್ತು, ಒಳಗೆ ಕಟ್ಟಿಕೊಂಡ ಹೋಸನ್ನು ದಾಟಿ ಅಷ್ಟು ಬರಲು ಕಂಪ್ರೆಸರಿನ ಬಾಯಲ್ಲಿ ಕಡೇಪಕ್ಷ 1.30 ಬೇಕಾಗುತ್ತಿತ್ತು. ಅನುಪಾತ 2.4 ದಾಟುತ್ತಿತ್ತು. ಅನುಪಾತ ಏರಿದಷ್ಟೂ ಟರ್ಬೊ ಹೆಚ್ಚು ವೇಗದಲ್ಲಿ ತಿರುಗಬೇಕು, ಗಾಳಿ ಹೆಚ್ಚು ಕಾಯುತ್ತದೆ, ಬೇರಿಂಗಿನ ಆಯಸ್ಸು ಕರಗುತ್ತದೆ. ಚೆನ್ನಾಗಿರುವ ಟರ್ಬೊ ಕೆಲವು ತಿಂಗಳಲ್ಲಿ ನಿಜಕ್ಕೂ ಕೆಟ್ಟು, ಮೊದಲು ಹೇಳಿದವರ ಮಾತೇ ಸರಿಯಿತ್ತು ಎಂದು ಎಲ್ಲರೂ ನಂಬುವಂತಾಗುವ ಸಾಧ್ಯತೆ ಇತ್ತು. ಇದನ್ನು ನೆನೆದಾಗ ನನಗೆ ಈಗಲೂ ಕಳವಳವಾಗುತ್ತದೆ, ಏಕೆಂದರೆ ಇಂಥ ಬಿಗಿ ಮಾಡುವ ಕೆಲಸ ನಮ್ಮ ಸುತ್ತಮುತ್ತ ದಿನವೂ ನಡೆಯುತ್ತದೆ.

ಕೊನೆಯ ನಿರ್ಧಾರ

ಗೇಜನ್ನು ಯಾವ ಸೊನ್ನೆಯಲ್ಲಿ ಬಿಡಬೇಕು ಎಂಬುದು ಉಳಿದಿತ್ತು. ಸಂಪೂರ್ಣ ಒತ್ತಡವನ್ನೇ ತೋರಿಸುವಂತೆ ಇಡುವುದು ನನ್ನ ಇಷ್ಟವಾಗಿತ್ತು. ಆಗ ಕಳೆಯುವ ಗೊಡವೆಯೇ ಇಲ್ಲ, ಯಾವ ಊರಿಗೆ ಹೋದರೂ ಎಂಜಿನ್ನಿಗೆ ಸಿಗುತ್ತಿರುವ ಒತ್ತಡ ಎಷ್ಟೆಂದು ನೇರವಾಗಿ ಕಾಣುತ್ತದೆ. ಮಾಲೀಕರಿಗೆ ಅದು ಹಿಡಿಸಲಿಲ್ಲ. ನಿಂತ ಕಾರು 0.91 ತೋರಿಸುವುದು ಅವರಿಗೆ ಗೊಂದಲವೆನಿಸಿತು. ಪ್ರತಿ ಸಲ ಕೀ ತಿರುಗಿಸಿದಾಗ ತಾನೇ ಸೊನ್ನೆ ಹಿಡಿಯುವ ಗೇಜುಗಳೂ ಸಿಗುತ್ತವೆ, ಆದರೆ ಬೆಟ್ಟದ ಬುಡದಲ್ಲಿ ಹಿಡಿದ ಸೊನ್ನೆ ಮೇಲೆ ಹತ್ತುವಷ್ಟರಲ್ಲಿ ಮತ್ತೆ ತಪ್ಪಿರುತ್ತದೆ, ಮೇಲಾಗಿ ಚೆನ್ನಾಗಿರುವ ಗೇಜನ್ನು ಕಿತ್ತುಹಾಕುವ ಅಗತ್ಯ ಕಾಣಲಿಲ್ಲ.

ಆದ್ದರಿಂದ 912ನ್ನೇ ಉಳಿಸಿ, ಅವರಿಗೆ ಒಂದು ಅಭ್ಯಾಸ ಹೇಳಿಕೊಟ್ಟೆವು. ಬೂಸ್ಟ್ ಪರೀಕ್ಷಿಸಬೇಕೆನಿಸಿದಾಗ, ಎಂಜಿನ್ ಶುರು ಮಾಡುವ ಮೊದಲು ಕೀ ತಿರುಗಿಸಿ ಗೇಜಿನಲ್ಲಿ ಕಾಣುವ ಅಂಕಿಯನ್ನು ನೆನಪಿಡುವುದು. ಆಮೇಲೆ ಆ ಊರಿನಲ್ಲೇ ಓಡಿಸಿ ಕಂಡ ಗರಿಷ್ಠ ಅಂಕಿಯಿಂದ ಅದನ್ನು ಕಳೆಯುವುದು. ಮೊದಲ ಅಂಕಿ ಸೊನ್ನೆಗಿಂತ ಕೆಳಗಿದ್ದರೆ ಅಷ್ಟನ್ನು ಕೂಡಿಸುವುದು.

ಎರಡು ತಿಂಗಳ ಮೇಲೆ ಅವರು ಮದುವೆಯೊಂದಕ್ಕೆ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿದ್ದಾಗ ಅಲ್ಲಿಂದಲೇ ಫೋನ್ ಮಾಡಿದರು. ಬೆಳಿಗ್ಗೆ ಕೀ ತಿರುಗಿಸಿದಾಗ ಗೇಜು 0.10 ತೋರಿಸಿತ್ತು, ಹೆದ್ದಾರಿಯಲ್ಲಿ ಗರಿಷ್ಠ 1.10. "ಕಳೆದ್ರೆ ಒಂದು. ಸರಿಯಾಗಿದೆ ಅಲ್ವಾ ಮೇಷ್ಟ್ರೇ?" ಎಂದು ಕೇಳಿದರು. ಸರಿಯಾಗಿದೆ ಎಂದೆ.